ಐದು ತಿಂಗಳು ಬ್ಯಾಂಕ್ ಅಕೌಂಟ್ ಬಿಟ್ಟು ಪ್ರೀಪೇಯ್ಡ್ ಕಾರ್ಡಲ್ಲೇ ಸಂಸಾರ ಮಾಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಕಾರ್ಡ್ ಕಂಪನಿ ಹೆಸ್ರು ಹಾಕಲ್ಲ. ನಾನು ಇಲ್ಲಿ ಬಯ್ಯೋದ್ರಲ್ಲಿ ಅರ್ಧ ಆ ಕಂಪನಿ ತಪ್ಪೇ ಅಲ್ಲ, ಈ ಥರದ ಕಾರ್ಡ್‌ಗಳ ಹಣೆಬರಹಾನೇ ಅಷ್ಟು, ಇನ್ನರ್ಧ ಕಸ್ಟಮರ್ ಕೇರ್‌ದು, ಅದು ಯಾವ ಕಂಪನಿಗೆ ಹೋದ್ರೂ ಅದೇ ರಾಗ ಅದೇ ತಾಳ.

ನಾನು ಮದುವೆ ಫೋಟೋ ವಿಡಿಯೋ ಮಾಡೋನು, ಊರು ತಿಪಟೂರು ಹತ್ರ, ಇರೋದು ದಾಸರಹಳ್ಳೀಲಿ. ಕಳೆದ ವರ್ಷ, 2025ರ ಆಷಾಢದಲ್ಲಿ, ಶ್ರಾವಣದ ಒಂದು ಮದುವೆಗೆ ಅಂತ ಯಾರೋ 4,000 ರೂಪಾಯಿ ಅಡ್ವಾನ್ಸ್ ಕಳ್ಸಿದ್ರು. ಆಷಾಢದಲ್ಲಿ ನಮ್ಗೆ ಕೆಲ್ಸ ಇರಲ್ಲ, ಅಡ್ವಾನ್ಸ್ ಬಂತಲ್ಲ ಅಂತ ಖುಷಿ ಆಯ್ತು. ಎಂಟು ದಿನ ಬಿಟ್ಟು ಅಂಗಡೀಲಿ ಹಾಲಿಗೆ ಸ್ಕ್ಯಾನ್ ಮಾಡಿದ್ರೆ ಫೇಲ್, ಎಟಿಎಂಗೆ ಹೋದ್ರೆ ಫೇಲ್, ಬ್ಯಾಂಕಿಗೆ ಹೋದ್ರೆ ಮೇಡಂ ಸ್ಕ್ರೀನ್ ನೋಡಿ ನಿಮ್ಮ ಅಕೌಂಟ್ ಮೇಲೆ ಬೇರೆ ರಾಜ್ಯದ ಸೈಬರ್ ಪೊಲೀಸ್‌ದು ಕಂಪ್ಲೇಂಟ್ ಇದೆ ಸರ್ ಅಂದ್ರು. ನಂಗೆ ಬಂದ ಆ 4,000 ಯಾರಿಗೋ ಮೋಸ ಮಾಡಿ ಹೊಡೆದ ದುಡ್ಡಿನ ಬಾಲ ಅಂತೆ. ಯಾರಾದ್ರೂ ದುಡ್ಡು ಕಳ್ಕೊಂಡು 1930ಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ರೆ ಆ ದುಡ್ಡು ಯಾವ್ಯಾವ ಅಕೌಂಟ್‌ಗೆ ಹರಿದು ಹೋಯ್ತೋ ಅದನ್ನೆಲ್ಲಾ ಹುಡುಕಿ ತಡೆ ಹಾಕ್ತಾರೆ, ಒಳ್ಳೇದೇ ಬಿಡಿ, ಆದ್ರೆ 4,000ಕ್ಕೆ ನನ್ನ 61,000 ಪೂರ್ತಿ ಒಳಗೆ ಕೂತ್ಕೊಂಡ್ತು. ಅಲ್ಲಿಂದ ಆ ಪೊಲೀಸ್ ಸ್ಟೇಷನ್‌ಗೆ ಮೇಲ್ ಕಳ್ಸೋದು, ಬುಕಿಂಗ್ ಬಿಲ್ಲು, ವಾಟ್ಸಾಪ್ ಚಾಟ್ ಎಲ್ಲಾ ಕಳ್ಸೋದು, ಉತ್ತರ ಬರ್ದೇ ಮತ್ತೆ ಕಳ್ಸೋದು, ಆ ಕತೆ ಇನ್ನೊಂದಿನ.

ಬೇರೆ ಬ್ಯಾಂಕಲ್ಲಿ ಅಕೌಂಟ್ ತೆಗೀಬಹುದಿತ್ತಲ್ಲ ಅಂತ ನೀವು ಕೇಳ್ತೀರ, ನ್ಯಾಯವಾದ ಪ್ರಶ್ನೆ. ನಮ್ಮ ಫೀಲ್ಡಿನ ಫ್ರೆಂಡ್ ಒಬ್ಬ ಪ್ಯಾನ್ ಒಂದೇ ಅಲ್ವಾ ಗುರು, ಹೊಸದು ತೆಗೆದ್ರೆ ಅದನ್ನೂ ಹಿಡೀತಾರೆ ಅಂತ ಹೆದರಿಸ್ಬಿಟ್ಟ, ನಾನು ದಡ್ಡ ನಂಬ್ದೆ. ಅದೇ ಟೈಮಲ್ಲಿ ಫೋನಲ್ಲಿ ಆ್ಯಡ್ ಬಂತು, ಬ್ಯಾಂಕ್ ಅಕೌಂಟ್ ಬೇಡ, ಐದೇ ನಿಮಿಷದಲ್ಲಿ ನಿಮ್ಮದೇ ರುಪೇ ಕಾರ್ಡ್ ಅಂತ. ಒತ್ತಿದೆ.

ಐದು ನಿಮಿಷ ಅನ್ನೋದು ಸುಳ್ಳಲ್ಲ. ಮೊಬೈಲ್ ನಂಬರ್, ಒಟಿಪಿ, ಹೆಸ್ರು, ಒಂದು ಐಡಿ ನಂಬರ್ ಹಾಕಿದ್ರೆ ಆಪ್ ಒಳಗೆ ಕಾರ್ಡ್ ರೆಡಿ. ಕೈಗೆ ಪ್ಲಾಸ್ಟಿಕ್ ಕಾರ್ಡ್ ಬೇಕು ಅಂದ್ರೆ 199 ಪ್ಲಸ್ ಜಿಎಸ್‌ಟಿ, ಒಟ್ಟು 234 ರೂಪಾಯಿ 82 ಪೈಸೆ ಕಟ್ಟಿದೆ, ಒಂಬತ್ತು ದಿನಕ್ಕೆ ಬಂತು. ನೋಡೋಕೆ ಚೆನ್ನಾಗಿದೆ ಕಪ್ಪು ಬಣ್ಣ, ನಮ್ಮಮ್ಮ ಕೂಡ ಇದೇನೋ ದೊಡ್ಡೋರ ಕಾರ್ಡ್ ಥರ ಐತಲ್ಲೋ ಅಂದ್ಲು.

ಆದ್ರೆ ಈ ಐದು ನಿಮಿಷದ ಕಾರ್ಡ್ ಇದೆಯಲ್ಲ ಅದು ಅರ್ಧ ಕಾರ್ಡ್. ಆರ್‌ಬಿಐ ರೂಲ್ಸಲ್ಲಿ ಇದಕ್ಕೆ ಸಣ್ಣ ಪಿಪಿಐ, ಅಂದ್ರೆ ಮೊದ್ಲೇ ದುಡ್ಡು ತುಂಬಿ ಆಮೇಲೆ ಖರ್ಚು ಮಾಡೋ ಸಾಧನ ಅಂತಾರೆ, ತಿಂಗಳಿಗೆ 10,000 ಮೇಲೆ ತುಂಬ್ಸಂಗಿಲ್ಲ, ಯಾವ ಹೊತ್ತಲ್ಲೂ ಒಳಗೆ 10,000 ದಾಟಂಗಿಲ್ಲ, ವರ್ಷಕ್ಕೆ 1,20,000, ಸಾಮಾನು ತಗೋಬಹುದು ಬಿಲ್ ಕಟ್ಟಬಹುದು ಅಷ್ಟೇ, ಎಟಿಎಂನಲ್ಲಿ ನಯಾಪೈಸೆ ಬರಲ್ಲ, ಇನ್ನೊಬ್ರ ಅಕೌಂಟಿಗೂ ಕಳ್ಸಕ್ಕಾಗಲ್ಲ. ಆ್ಯಡಲ್ಲಿ ಇದನ್ನ ಇರುವೆ ಸೈಜಿನ ಅಕ್ಷರದಲ್ಲಿ ಹಾಕಿರ್ತಾರೆ. ನಂಗೆ ಗೊತ್ತಾಗಿದ್ದು ಜಾಲಹಳ್ಳಿ ಕ್ರಾಸ್ ಹತ್ರ ಎಟಿಎಂ ಮುಂದೆ ನಿಂತು ಮೂರು ಸಲ ಪಿನ್ ಒತ್ತಿದ್ಮೇಲೆ.

ಅದೂ ಯಾವ ತಿಂಗಳಲ್ಲಿ ಅಂತೀರ? ಜುಲೈ. ನೆನಪಿರ್ಬೇಕು ನಿಮಗೆ, ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯೋರಿಗೆಲ್ಲಾ ಕಮರ್ಷಿಯಲ್ ಟ್ಯಾಕ್ಸ್‌ನೋರು ಜಿಎಸ್‌ಟಿ ನೋಟಿಸ್ ಕೊಟ್ಟಿದ್ರು, ಬೆಂಗಳೂರು ತುಂಬಾ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಗಾಡಿ ಎಲ್ಲಾ ಕಡೆ ನೋ ಯುಪಿಐ ಓನ್ಲಿ ಕ್ಯಾಶ್ ಅಂತ ಬೋರ್ಡು. ಯುಪಿಐ ಇರೋರೇ ಒದ್ದಾಡ್ತಿದ್ರು, ನನ್ನ ಹತ್ರ ಇರೋದು ಸ್ವೈಪಿಂಗ್ ಮಷಿನ್ ಇದ್ರೆ ಮಾತ್ರ ನಡೆಯೋ ಕಾರ್ಡು, ಕ್ಯಾಶ್ ಬರಲ್ಲ, ಸೊಪ್ಪಿನೋಳ ಹತ್ರ ಸ್ವೈಪಿಂಗ್ ಮಷಿನ್ ಎಲ್ಲಿ ತರ್ಲಿ? ನಮ್ಮ ಬೀದೀಲಿ ಕಾರ್ಡ್ ತಗೊಳ್ಳೋದು ಒಂದು ಸೂಪರ್ ಮಾರ್ಕೆಟ್, ಒಂದು ಮೆಡಿಕಲ್ ಸ್ಟೋರ್, ಪೆಟ್ರೋಲ್ ಬಂಕ್, ಇಷ್ಟೇ. ಆ ತಿಂಗಳು ಪೂರ್ತಿ ನಾನು ಹತ್ತು ರೂಪಾಯಿ ಟೀಗೆ ಹೆಂಡ್ತಿ ಹತ್ರ ಚಿಲ್ಲರೆ ಇಸ್ಕೊಂಡು ಹೋಗ್ತಿದ್ದೆ, ಹಿಂಗಿದ್ದೀನಿ ಅಂತ ಮಾವನ ಮನೇಲಿ ಗೊತ್ತಾಗ್ಬಾರ್ದು ಅಂತ ಅವಳಿಗೆ ಆಣೆ ಬೇರೆ ಹಾಕ್ಸಿದ್ದೆ.

ಪೂರ್ತಿ ಕಾರ್ಡ್ ಬೇಕಂದ್ರೆ ಫುಲ್ ಕೆವೈಸಿ ಆಗ್ಬೇಕು, ವಿಡಿಯೋ ಕಾಲ್‌ನಲ್ಲೇ ಮಾಡ್ತಾರೆ. ಆ ಹುಡುಗ ಪ್ಯಾನ್ ಕಾರ್ಡ್ ಕ್ಯಾಮೆರಾಗೆ ಹಿಡೀರಿ ಸರ್ ಅಂದ, ಹಿಡಿದೆ, ಲೈಟಿಂಗ್ ಸರಿ ಇಲ್ಲ ಸರ್ ಅಂದ. ಹದಿನಾಲ್ಕು ವರ್ಷದಿಂದ ಲೈಟ್ ಹಿಡಿದು ಹೊಟ್ಟೆ ಹೊರೀತಿರೋನಿಗೆ ಲೈಟಿಂಗ್ ಸರಿ ಇಲ್ಲ ಅಂದ್ರೆ ಹೆಂಗಾಗ್ಬೇಡ! ಸಾಫ್ಟ್‌ಬಾಕ್ಸ್ ತಂದು ಹಾಲಲ್ಲಿ ಹಾಕ್ಕೊಂಡು ಮದುಮಗನ ಥರ ಕೂತೆ. ಆಗ ಇನ್ನೊಂದು ಶುರು, ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸ್ರು ಪೂರ್ತಿ ಇದೆ, ಮ್ಯಾಚ್ ಆಗ್ತಿಲ್ಲ ಅಂತ. ಕರ್ನಾಟಕದಲ್ಲಿ ಅರ್ಧ ಜನಕ್ಕೆ ಇದೇ ಗೋಳು. ಮೂರನೇ ಕಾಲಿಗೆ ಒಬ್ಳು ಕನ್ನಡದ ಹುಡುಗಿ ಸಿಕ್ಕಿದ್ಲು, ಇನಿಷಿಯಲ್ ಅಂದ್ರೆ ಏನು ಅಂತ ಅವಳಿಗೆ ಬಿಡಿಸಿ ಹೇಳ್ಬೇಕಾಗ್ಲಿಲ್ಲ, ಎರಡು ನಿಮಿಷಕ್ಕೆ ಮುಗಿಸ್ಕೊಟ್ಲು.

ಫುಲ್ ಕೆವೈಸಿ ಆದ್ಮೇಲೆ ಕಾರ್ಡ್ ಬೇರೇನೇ. ಒಳಗೆ 2 ಲಕ್ಷದ ತನಕ ಇಟ್ಕೋಬಹುದು, ಮೊದಲೇ ಹೆಸ್ರು ಸೇರಿಸಿಟ್ಟವರಿಗೆ ಒಬ್ಬೊಬ್ರಿಗೆ ತಿಂಗಳಿಗೆ 2 ಲಕ್ಷದ ತನಕ, ಬೇರೆಯವರಿಗೆ 10,000 ತನಕ ಕಳ್ಸಬಹುದು, ಇವು ಆರ್‌ಬಿಐ ಮಿತಿ, ಕಂಪನಿ ಇದಕ್ಕಿಂತ ಕಮ್ಮಿ ಇಡಬಹುದು, ನಮ್ದು ಇಟ್ಟಿತ್ತು. ಕ್ಯಾಶ್‌ಗೆ ಮಾತ್ರ ಕೈ ಬಿಗಿ, ಬ್ಯಾಂಕ್ ಅಲ್ಲದ ಕಂಪನಿ ಕಾರ್ಡಲ್ಲಿ ಒಂದು ಸಲಕ್ಕೆ 2,000, ತಿಂಗಳಿಗೆ 10,000, ಅಷ್ಟೇ ತೆಗೆಯೋಕಾಗೋದು. ನನ್ನ ಕಾರ್ಡಲ್ಲಿ ಪ್ರತಿ ಸಲಕ್ಕೂ 20 ಪ್ಲಸ್ ಜಿಎಸ್‌ಟಿ, ಅಂದ್ರೆ 10,000 ಪೂರ್ತಿ ತೆಗೆದ್ರೆ ಐದು ಸಲ, 118 ರೂಪಾಯಿ ನನ್ನ ದುಡ್ಡು ನಾನು ತಗೊಳ್ಳೋಕೆ. ಮದುವೆ ಕೆಲ್ಸದಲ್ಲಿ ಹೆಲ್ಪರ್ ಹುಡುಗ್ರಿಗೆ ರಾತ್ರಿ ಮುಹೂರ್ತದ್ ಕೆಲ್ಸ ಮುಗೀತಿದ್ದಂಗೆ ಕೈಗೆ ಕ್ಯಾಶ್ ಇಡ್ಬೇಕು, ಇಬ್ರಿಗೆ ಮೂರು ಸಾವಿರ ಅಂದ್ರೆ ಎರಡು ಸಲ ಎಟಿಎಂ. ಶ್ರಾವಣದ ನಾಲ್ಕು ಮದುವೆಗೇ ತಿಂಗಳ ಕೋಟಾ ಖಾಲಿ.

ಈಗ ಅಸಲು ವಿಷ್ಯಕ್ಕೆ ಬರ್ತೀನಿ. ಈ ಕಾರ್ಡಿಗೆ ಕೊಡೋಕೆ ಕೈ ಇದೆ, ಇಸ್ಕೊಳ್ಳೋಕೆ ಕೈ ಇಲ್ಲ. ಮದುವೆ ಮನೆಯೋರು ಬ್ಯಾಲೆನ್ಸ್ 35,000 ಕೊಡ್ಬೇಕು, ಎಲ್ಲಿಗೆ ಹಾಕ್ಲಿ ಅಂತಾರೆ, ನನ್ನ ಹತ್ರ ಹೇಳೋಕೆ ಅಕೌಂಟ್ ನಂಬರ್ ಇಲ್ಲ ಐಎಫ್‌ಎಸ್‌ಸಿ ಇಲ್ಲ ಕ್ಯೂಆರ್ ಇಲ್ಲ. ಇದೇ ಜಾತಿಯ ಕೆಲವು ಮೊಬೈಲ್ ವಾಲೆಟ್‌ಗಳಿಗೆ ಯುಪಿಐ ಇದೆ ನಿಜ, 2024 ಡಿಸೆಂಬರ್‌ನಲ್ಲಿ ಆರ್‌ಬಿಐ ಫುಲ್ ಕೆವೈಸಿ ವಾಲೆಟ್‌ನ ಬೇರೆ ಕಂಪನಿ ಯುಪಿಐ ಆಪ್‌ಗೂ ಜೋಡಿಸ್ಕೋಬಹುದು ಅಂತ ಬಿಟ್ಟಿದೆ, ಆದ್ರೆ ನಂದು ಬರೀ ಕಾರ್ಡ್ ಮಾದರೀದು, ತಗೊಳ್ಳೋವಾಗ ಇದನ್ನ ಕೇಳ್ಬೇಕು ಅಂತ ಯಾರಿಗೆ ಹೊಳೀತದೆ. ಕೊನೆಗೆ ಆಗಿದ್ದೇನು ಅಂದ್ರೆ ಪಾರ್ಟಿ ದುಡ್ಡೆಲ್ಲಾ ಹೆಂಡ್ತಿ ಅಕೌಂಟಿಗೆ, ಅವಳು ಅಲ್ಲಿಂದ ನನ್ನ ಕಾರ್ಡಿಗೆ ತುಂಬ್ಸೋದು. ಅವಳು ಸ್ಕೂಲ್ ಟೀಚರ್, ಭಾನುವಾರ ಬೆಳಗ್ಗೆ ದೋಸೆ ಹುಯ್ಯೋಕೆ ಮುಂಚೆ ಮಕ್ಕಳ ಕಾಪಿ ತಿದ್ದೋ ಗತ್ತಲ್ಲೇ ಕೂತ್ಕೊಂಡು, ರೀ ಕಳೆದ ವಾರ ಸ್ವಿಗ್ಗಿಗೆ 640 ಯಾಕೆ ಹೋಗಿದೆ ಅಂತ ಕೇಳಿ ಆಮೇಲೆ 2,000 ಹಾಕ್ತಿದ್ಲು. ಜೊತೆಗೆ ಅವಳಿಗೆ ಒಂದು ಹೆದರಿಕೆ, ನಿಮ್ಮ ಪಾರ್ಟಿ ದುಡ್ಡಿಂದ ನನ್ನ ಸಂಬಳದ ಅಕೌಂಟೂ ಹಿಡಿದ್ರೆ ಅಕ್ಕಿ ಬೇಳೆಗೆ ಏನ್ರೀ ಮಾಡೋದು ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಕ್ಯಾಶ್ ಕೊಟ್ಟೂ ತುಂಬ್ಸಬಹುದು ಅನ್ನೋದು ಇದೆ, ತಿಂಗಳಿಗೆ 50,000 ಮಿತಿ. ಆ ಕಂಪನಿಯ ಏಜೆಂಟ್ ಅಂಗಡಿ ಆಪ್‌ನ ಮ್ಯಾಪಲ್ಲಿ ಮೂರು ತೋರಿಸ್ತು, ಒಂದು ಮುಚ್ಚಿತ್ತು, ಒಂದು ಈಗ ಪಾನಿಪೂರಿ ಅಂಗಡಿ, ಮೂರನೆಯವ್ನು ಸರ್ವರ್ ಇಲ್ಲ ನಾಳೆ ಬನ್ನಿ ಅಂದ, ನಾಳೆ ಹೋದ್ರೆ ಮತ್ತೆ ನಾಳೆ. ಹಂಗಾಗಿ ಬ್ಯಾಂಕ್ ಅಕೌಂಟ್ ಬೇಡ ಅನ್ನೋ ಕಾರ್ಡು ನಡೆದಿದ್ದು ಬ್ಯಾಂಕ್ ಅಕೌಂಟ್ ಇರೋ ನನ್ನ ಹೆಂಡ್ತಿ ಕೃಪೆಯಿಂದ. ಅವಳು ಇಲ್ದಿದ್ರೆ? ಊರಿಂದ ಒಬ್ಬನೇ ಬಂದು ರೂಮ್ ಮಾಡ್ಕೊಂಡಿರೋ ಹುಡುಗ ಆಗಿದ್ರೆ? ಯಾರೋ ಫ್ರೆಂಡ್ ಅಕೌಂಟಿಗೆ ದುಡ್ಡು ಹಾಕಿಸ್ಬೇಕು, ಆಮೇಲೆ ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ.

ಕ್ಯಾಮೆರಾದು ಇಎಂಐ ಇತ್ತು, 5ನೇ ತಾರೀಖು ಅಕೌಂಟಿಂದ ತಾನಾಗೇ ಕಟ್ ಆಗೋದು. ಅಕೌಂಟ್ ಹಿಡಿದಿದ್ರಿಂದ ಬೌನ್ಸ್, ಬ್ಯಾಂಕ್ ಒಂದು ಕಡೆ ಚಾರ್ಜ್ ಹಾಕ್ತು, ಫೈನಾನ್ಸ್ ಇನ್ನೊಂದು ಕಡೆ. ಈ ಕಾರ್ಡಿಗೆ ಆ ಮ್ಯಾಂಡೇಟ್ ಬದಲಾಯಿಸಿ ಅಂದ್ರೆ ಅದು ಬ್ಯಾಂಕ್ ಅಕೌಂಟಿಗೇ ಆಗ್ಬೇಕು ಸರ್ ಅಂದ್ರು. ಗ್ಯಾಸ್ ಸಬ್ಸಿಡಿ, ಅಮ್ಮಂಗೆ ಬರೋ ಗೃಹಲಕ್ಷ್ಮಿ 2,000, ಇಂಥವೆಲ್ಲಾ ಆಧಾರ್ ಜೋಡಿಸಿದ ಬ್ಯಾಂಕ್ ಅಕೌಂಟಿಗೇ ಬರೋದು, ಕಾರ್ಡಿಗೆ ಬರಲ್ಲ. ಅಮ್ಮನ ಅಕೌಂಟ್ ಬೇರೆ ಇದ್ದಿದ್ದು ಪುಣ್ಯ. ಬಡ್ಡೀನೂ ಇಲ್ಲ, ಎಷ್ಟೇ ದುಡ್ಡು ಎಷ್ಟು ದಿನ ಇಟ್ರೂ ಇಲ್ಲ, ರೂಲ್ಸಲ್ಲೇ ಕೊಡಂಗಿಲ್ಲ.

ಕಂಪನಿ ಬಾಗಿಲು ಹಾಕ್ಕೊಂಡ್ರೆ ಏನ್ರೀ ಅಂತ ನಮ್ಮನೆಯವಳು ಒಂದಿನ ಕೇಳಿದ್ಲು. ಒಳ್ಳೇ ಪ್ರಶ್ನೆ. ನಾವು ತುಂಬಿದ ದುಡ್ಡನ್ನ ಕಂಪನಿ ತನ್ನ ಜೇಬಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಒಂದು ಬ್ಯಾಂಕಲ್ಲಿ ಎಸ್ಕ್ರೋ ಅಕೌಂಟಲ್ಲಿ ಬೇರೆ ಇಡ್ಬೇಕು, ಅದು ಒಂದು ಧೈರ್ಯ. ಆದ್ರೆ ಬ್ಯಾಂಕ್ ಡೆಪಾಸಿಟ್‌ಗೆ ತಲಾ 5 ಲಕ್ಷದ ತನಕ ಇನ್ಶೂರೆನ್ಸ್ ಇದೆಯಲ್ಲ, ಅದು ನನ್ನ ಹೆಸರಲ್ಲಿ ಈ ಕಾರ್ಡಿಗಿಲ್ಲ. 2024ರಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್‌ಗೆ ಆರ್‌ಬಿಐ ಮಾರ್ಚ್ 15 ಆದ್ಮೇಲೆ ವಾಲೆಟ್‌ಗೆ ಟಾಪ್ಅಪ್ ಬೇಡ ಅಂದಾಗ ಒಳಗಿದ್ದ ದುಡ್ಡು ಖರ್ಚು ಮಾಡೋಕೆ ಬಿಟ್ರು, ಹೊಸದು ಹಾಕೋಕೆ ಬಿಡ್ಲಿಲ್ಲ. ಹಂಗೆ ರಾತ್ರೋರಾತ್ರಿ ರೂಲ್ಸ್ ಬದಲಾಗೋ ಜಾಗ ಇದು. 2022 ಜೂನ್‌ಗೆ ಮುಂಚೆ ಇಂಥ ಕಾರ್ಡ್‌ಗಳಿಗೇ ಸಾಲ ತುಂಬ್ಸಿ ಕ್ರೆಡಿಟ್ ಕಾರ್ಡ್ ಥರ ಹಂಚ್ತಿದ್ರು, ನಮ್ಮ ಹುಡುಗ್ರು ಸುಮಾರು ಜನ ಇಟ್ಕೊಂಡಿದ್ರು, ಒಂದು ಸುತ್ತೋಲೇಲಿ ಬಂದ್ ಆಯ್ತು. ಅದು ಬಂದ್ ಆಗಿದ್ದು ಒಳ್ಳೇದಾಯ್ತು ಅನ್ನೋದು ನನ್ನ ಅಭಿಪ್ರಾಯ, ಹುಡುಗ್ರು ಒಪ್ಪಲ್ಲ.

ಇನ್ನು ಕಸ್ಟಮರ್ ಕೇರ್ ಪುರಾಣ. ಗೌರಿ ಹಬ್ಬದ ಹಿಂದಿನ ದಿನ ಊರಿಗೆ ಹೋಗಿದ್ದೆ, ತಿಪಟೂರಲ್ಲಿ ಬಾಗಿನದ ಸಾಮಾನು ತರೋಕೆ 2,000 ತೆಗೆಯೋಣ ಅಂತ ಎಟಿಎಂಗೆ ಕಾರ್ಡ್ ಹಾಕ್ದೆ, ಮಷಿನ್ ಗರಗರ ಅಂತು, ದುಡ್ಡು ಬರ್ಲಿಲ್ಲ, ಮೆಸೇಜ್ ಬಂತು 2,000 ಡೆಬಿಟ್ ಅಂತ. ಎಟಿಎಂ ಇರೋ ಬ್ಯಾಂಕಿಗೆ ಹೋದ್ರೆ ನಿಮ್ಮ ಕಾರ್ಡ್ ಯಾವ ಬ್ಯಾಂಕ್‌ದೋ ಅಲ್ಲಿ ಕೇಳಿ ಅಂದ್ರು, ಯಾವ ಬ್ಯಾಂಕ್‌ದೂ ಅಲ್ವಲ್ಲ ಇದು! ಕಂಪನಿಗೆ ಬ್ರಾಂಚ್ ಅನ್ನೋದೇ ಇಲ್ಲ, ಆಪಲ್ಲಿ ಚಾಟ್ ಮಾಡೋ ಗೊಂಬೆ ಒಂದಿದೆ, ನಾನು ಏನು ಟೈಪ್ ಮಾಡಿದ್ರೂ ನಿಮ್ಮ ಬ್ಯಾಲೆನ್ಸ್ ತಿಳಿಯಬೇಕೇ ಅಂತ ಕೇಳ್ತದೆ. ಬ್ಯಾಂಕಿನ ಮ್ಯಾನೇಜರ್ ಮುಖ ಸಿಂಡರಿಸ್ಕೊಂಡಾದ್ರೂ ಎದುರಿಗೆ ಕೂತಿರ್ತಾನೆ, ಅದರ ಬೆಲೆ ಅವತ್ತು ಗೊತ್ತಾಯ್ತು. ದುಡ್ಡು ವಾಪಸ್ ಬಂದಿದ್ದು ಎಂಟನೇ ದಿನ. ಇಲ್ಲಿ ಒಂದು ವಿಷ್ಯ ಎಲ್ರೂ ತಿಳ್ಕೊಂಡಿರಿ, ಎಟಿಎಂನಲ್ಲಿ ದುಡ್ಡು ಬರ್ದೇ ಕಟ್ ಆದ್ರೆ ಐದು ದಿನದ ಒಳಗೆ ತಾನಾಗೇ ವಾಪಸ್ ಹಾಕ್ಬೇಕು, ಆಮೇಲೆ ತಡ ಆದ ದಿನಕ್ಕೆ 100 ರೂಪಾಯಿ ಕೊಡ್ಬೇಕು, 2019 ಸೆಪ್ಟೆಂಬರ್‌ದು ಆರ್‌ಬಿಐ ಸುತ್ತೋಲೆ. ಮೂರು ದಿನಕ್ಕೆ 300 ಕೊಡಿ ಅಂದೆ, ಅಂಥ ರೂಲ್ಸೇ ಇಲ್ಲ ಸರ್ ಅಂದ್ರು. ಸುತ್ತೋಲೆ ತಾರೀಖು ಹಾಕಿ ಮೇಲ್ ಮಾಡಿ, ಮೂವತ್ತು ದಿನದಲ್ಲಿ ಬಗೆಹರೀಲಿಲ್ಲ ಅಂದ್ರೆ ಗ್ರಾಹಕರ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗ್ತೀನಿ ಅಂತ ಸೇರಿಸ್ದೆ. ನಾಲ್ಕನೇ ದಿನ 300 ಬಿತ್ತು, ಸಾರಿ ಅನ್ನೋ ಮಾತು ಮಾತ್ರ ಬೀಳ್ಲಿಲ್ಲ. ಓಂಬುಡ್ಸ್‌ಮನ್ ಅಂದ್ರೆ ಬ್ಯಾಂಕಿಗೆ ಮಾತ್ರ ಅಂದ್ಕೊಂಡಿದ್ದೆ ನಾನು, 2021 ನವೆಂಬರ್‌ನಿಂದ ಎಲ್ಲಾ ಸೇರ್ಸಿ ಒಂದೇ ಯೋಜನೆ ಮಾಡಿದಾರೆ, ಈ ಕಾರ್ಡ್ ಕಂಪನಿಗಳೂ ಅದ್ರೊಳಗೇ ಬರ್ತವೆ, ಮಾಹಿತಿಗೆ 14448ಗೆ ಫೋನ್ ಮಾಡಿದ್ರೆ ಆಯ್ತು.

ಇನ್ನೊಂದು ನಗೆಪಾಟಲು. ರುಪೇ ಅಂತ ಬರ್ದಿದೆಯಲ್ಲ ಮೆಟ್ರೋದಲ್ಲಿ ನಡೆಯತ್ತೆ ಅಂತ ಯಶವಂತಪುರ ಸ್ಟೇಷನ್‌ನಲ್ಲಿ ಗೇಟಿಗೆ ಒತ್ತಿ ನಿಂತೆ, ಹಿಂದೆ ಇಪ್ಪತ್ತು ಜನ. ತೆಗೀಲಿಲ್ಲ. ಅದಕ್ಕೆ ಎನ್‌ಸಿಎಂಸಿ, ಅಂದ್ರೆ ಮೆಟ್ರೋ ಬಸ್ಸಿಗೆ ಅಂತ ಮಾಡಿರೋ ಕಾರ್ಡೇ ಆಗ್ಬೇಕು, ಬರೀ ರುಪೇ ಸಾಲ್ದು. ಸೆಕ್ಯುರಿಟಿ ಅಣ್ಣ ಆ ಕಡೆ ಬನ್ನಿ ಅಂತ ಪಕ್ಕಕ್ಕೆ ಕರ್ದ.

ಬರೀ ಬಯ್ದಿದ್ದೇ ಆಯ್ತಲ್ಲ, ಒಳ್ಳೇದೂ ಇದೆ. ಆನ್‌ಲೈನ್‌ನಲ್ಲಿ ಗೊತ್ತಿಲ್ದ ಸೈಟಲ್ಲಿ ಲೆನ್ಸ್ ಕ್ಯಾಪ್, ಬ್ಯಾಟರಿ ಅಂತ ತಗೊಳ್ಳೋವಾಗ ನಿಶ್ಚಿಂತೆ, ಹೋದ್ರೆ ಒಳಗಿರೋ ಎರಡು ಸಾವಿರ ಹೋಗತ್ತೆ, ಮನೆ ಹೋಗಲ್ಲ. ಆಪಲ್ಲಿ ಒಂದು ಬಟನ್ ಒತ್ತಿದ್ರೆ ಕಾರ್ಡ್ ಲಾಕ್. ಬೇರೆಯೋರು ಕದ್ದು ಬಳಸಿದ್ರೂ, ಅದರಲ್ಲಿ ನಮ್ಮ ತಪ್ಪು ಇಲ್ದಿದ್ರೆ, ಮೆಸೇಜ್ ಬಂದ ಮೂರು ದಿನದೊಳಗೆ ಹೇಳಿದ್ರೆ ನಷ್ಟ ನಮ್ದಲ್ಲ, ಬ್ಯಾಂಕ್ ಕಾರ್ಡಿಗಿರೋ ಈ ರಕ್ಷಣೆ 2019ರಿಂದ ಇದಕ್ಕೂ ಇದೆ. ಒಟಿಪಿ ನಾವೇ ಹೇಳ್ಬಿಟ್ರೆ ಅದು ಬೇರೆ ಮಾತು. ಮತ್ತೆ ಖರ್ಚು, ಅದನ್ನ ಒಪ್ಕೊಳ್ಳೋಕೆ ನಾಚಿಕೆ ಆದ್ರೂ ಹೇಳ್ತೀನಿ, ಸ್ಕ್ಯಾನ್ ಮಾಡ್ತಾ ಮಾಡ್ತಾ ದಿನಕ್ಕೆ ಎಷ್ಟು ಹೋಗ್ತಿತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ, ವಾರಕ್ಕೆ ಇಷ್ಟೇ ಅಂತ ಆದ್ಮೇಲೆ ಸಿಗರೇಟ್ ಅರ್ಧ ಆಯ್ತು.

ಅಕ್ಕನ ಮಗ ತುಮಕೂರಲ್ಲಿ ಹಾಸ್ಟೆಲ್‌ನಲ್ಲಿ ಪಿಯುಸಿ ಓದ್ತಾನೆ, ಅವನಿಗೆ ಇಂಥದೊಂದು ಕೊಡ್ಸೋಣ ಅಂತ ಭಾವ ಕೇಳಿದ್ರು. ಅವನಿಗೆ ಸರಿ ಅಂದೆ ನಾನು, ತಿಂಗಳಿಗೆ 1,500 ತುಂಬ್ಸಿ, ಎಲ್ಲಿ ಖರ್ಚಾಯ್ತು ನೋಡ್ಕೊಳ್ಳಿ ಭಾವ, ಆದ್ರೆ ಜೊತೆಗೆ ಬ್ಯಾಂಕ್ ಅಕೌಂಟೂ ಮಾಡ್ಸಿ, 2025 ಏಪ್ರಿಲ್‌ನಲ್ಲಿ ಆರ್‌ಬಿಐ ಹೇಳಿದೆ, ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕ್ ಇಟ್ಟ ಮಿತಿಯೊಳಗೆ ತಾವೇ ಅಕೌಂಟ್ ನಡೆಸ್ಕೋಬಹುದು ಅಂತ. ಮಿನಿಮಮ್ ಬ್ಯಾಲೆನ್ಸ್ ಭಯಕ್ಕೆ ಯಾರಾದ್ರೂ ಈ ಕಾರ್ಡ್ ಕಡೆ ನೋಡ್ತಿದ್ರೆ ಅದೂ ಬೇಕಾಗಿಲ್ಲ, ಎಸ್‌ಬಿಐ 2020ರಲ್ಲೇ ಆ ದಂಡ ತೆಗ್ದಿದೆ, ಕೆನರಾ ಬ್ಯಾಂಕ್ 2025 ಜೂನ್ 1ರಿಂದ ಎಲ್ಲಾ ಸೇವಿಂಗ್ಸ್ ಅಕೌಂಟಿಗೂ ತೆಗ್ದಿದೆ, ಜನಧನ್‌ಗಂತೂ 2014ರಿಂದ ಇಲ್ವೇ ಇಲ್ಲ. ನನ್ನ ಕಾರ್ಡಿಗೆ ಆ ಐದು ತಿಂಗಳಲ್ಲಿ ಶುಲ್ಕ ಅಂತಲೇ ಹೋಗಿದ್ದು ಲೆಕ್ಕ ಹಾಕ್ದೆ, ಅಮ್ಮಂಗೆ ಔಷಧಿ ದುಡ್ಡು ಕಳ್ಸಿದ್ದಕ್ಕೆ ಹಿಡಿದ ಪರ್ಸೆಂಟೇಜೂ ಸೇರಿ ಸಾವಿರದ ಮೇಲೆ.

ಕಾರ್ತಿಕದಲ್ಲಿ ಧೈರ್ಯ ಮಾಡಿ ಬೇರೆ ಬ್ಯಾಂಕಲ್ಲಿ ಹೊಸ ಅಕೌಂಟ್ ತೆಗ್ದೆ, ಯಾರೂ ಹಿಡೀಲಿಲ್ಲ, ನನ್ನ ಕೇಸಲ್ಲಿ ತಡೆ ಇದ್ದಿದ್ದು ಆ ಒಂದು ಅಕೌಂಟಿಗೆ ಮಾತ್ರ. ಜುಲೈನಲ್ಲೇ ಮಾಡ್ಬೇಕಾಗಿದ್ದ ಕೆಲ್ಸ. ಫ್ರೆಂಡಿಗೆ ಹೇಳಿದ್ರೆ ಹೌದಾ ಗುರು ಅಂದ, ಅಷ್ಟೇ. ಹಳೇ ಅಕೌಂಟಿನ ತಡೆ ತೆಗ್ದಿದ್ದು ಡಿಸೆಂಬರ್‌ನಲ್ಲಿ, ಧನುರ್ಮಾಸ ಶುರುವಾಗೋಕೆ ವಾರ ಇತ್ತು, ಅಂದ್ರೆ ದುಡ್ಡು ಬಂತು ಮತ್ತೆ ಮದುವೆ ಸೀಸನ್ ಮುಗೀತು.

ರೇಟಿಂಗ್ ಕೇಳಿದ್ರೆ, ಕೈಖರ್ಚಿನ ಪರ್ಸ್ ಆಗಿ ಐದಕ್ಕೆ ಮೂರೂವರೆ, ಬ್ಯಾಂಕ್ ಬದಲಿಗೆ ಅಂದ್ರೆ ಒಂದು, ಅದೂ ಆ ಇನಿಷಿಯಲ್ ಅರ್ಥ ಮಾಡ್ಕೊಂಡ ಹುಡುಗಿಗೆ. ಕಾರ್ಡ್ ಕ್ಯಾನ್ಸಲ್ ಮಾಡ್ಸೋಣ ಅಂತಿದ್ದೆ, ನಮ್ಮನೆಯವಳು ಬೇಡ ಇರ್ಲಿ ಅಂದ್ಲು. ಈಗ್ಲೂ ಭಾನುವಾರ ದೋಸೆಗೆ ಮುಂಚೆ 2,000 ಬೀಳತ್ತೆ, ಮೊದಲು ಸ್ವಿಗ್ಗಿ ಲೆಕ್ಕ ಕೊಡ್ಬೇಕು.